7 ದಿನದ ಹಾಲಿನ ನಷ್ಟ ಯಾರ ತಲೆಗೆ?

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಎಲ್ಲಿ ಹೋದರೂ ಬೆಳಿಗ್ಗೆ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವವರು ಕಾಣುತ್ತಾರೆ. ಪ್ಯಾಕೆಟ್ ಹಾಲಿಗಿಂತ ಇದು ಗಟ್ಟಿ, ತಾಜಾ ಎಂಬ ನಂಬಿಕೆ ನಮ್ಮದು. ನೀರು ಬೆರೆಸಿದ್ದಾರೆಯೇ ಎಂದು ನೋಡುತ್ತೇವೆ. ಆದರೆ ಆಕಳಿಗೆ ಈ ವಾರ ಯಾವ ಇಂಜೆಕ್ಷನ್ ಕೊಡಿಸಿದ್ದಾರೆ ಎಂದು ಕೇಳುವುದಿಲ್ಲ.

ಕೆಚ್ಚಲು ಬಾವಿನಂಥ ಕಾಯಿಲೆ ಬಂದಾಗ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಅದು ತಪ್ಪಲ್ಲ. ಪಶುವೈದ್ಯರನ್ನು ಕೇಳದೆ, ಮನಸ್ಸಿಗೆ ಬಂದಷ್ಟು ಕೊಡುವುದು ತಪ್ಪು. ಔಷಧಕ್ಕೆ ಸಾಯುವ ಬ್ಯಾಕ್ಟೀರಿಯಾ ಸತ್ತು, ಜಗ್ಗದವು ಉಳಿದು ಹೆಚ್ಚುತ್ತವೆ. ಅವು ಹಸಿ ಹಾಲು, ಸಗಣಿ, ಹಾಲು ಕರೆಯುವವರ ಕೈ ಮೂಲಕ ಮನುಷ್ಯರನ್ನೂ ತಲುಪಬಲ್ಲವು. ಔಷಧಕ್ಕೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ.

‘ಕಾಸಿ ಕುಡಿದರಾಯಿತು’ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಚೆನ್ನಾಗಿ ಕುದಿಸಿದರೆ ಇಂಥ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಹಾಗಾಗಿ ಹಸಿ ಹಾಲು ಕುಡಿಯಲೇಬಾರದು. ಆದರೆ ಹಾಲಿನಲ್ಲಿ ಉಳಿದ ಹಲವು ಔಷಧಗಳ ಅಂಶ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಹೆಪ್ಪು ಹಾಕಿದ ಹಾಲು ಕೆಲವೊಮ್ಮೆ ಮೊಸರಾಗದಿರಲು ಇದೂ ಒಂದು ಕಾರಣ. ಮೊಸರು ಮಾಡುವ ಬ್ಯಾಕ್ಟೀರಿಯಾವನ್ನೂ ಆ ಔಷಧ ತಡೆಯುತ್ತದೆ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಆ್ಯಂಟಿಬಯೋಟಿಕ್ ಅಂಶ ಮಿತಿ ಮೀರಿತ್ತು. ಪ್ರಮಾಣ ಚಿಕ್ಕದೇ. ಆದರೆ ಯಾವ ಕ್ಯಾನಿನಲ್ಲಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ನಿಯಮವೇನೋ ಇದೆ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದು ಅದರ ಲೇಬಲ್ ಮೇಲೆ ನಮೂದಿಸಬೇಕು. ಅವಧಿ ನಿಗದಿಯಾಗದ ಔಷಧವಾದರೆ ಕನಿಷ್ಠ 7 ದಿನ ಎಂದು 2012ರಲ್ಲೇ ನಿಯಮ ಮಾಡಲಾಗಿದೆ. ಈಗ ಲೆಕ್ಕ ಹಾಕಿ. ದಿನಕ್ಕೆ 8 ಲೀಟರ್ ಹಾಲು ಕೊಡುವ ಆಕಳಾದರೆ 7 ದಿನಕ್ಕೆ 56 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೂ 1,960 ರೂಪಾಯಿ ಮಣ್ಣುಪಾಲು. ‘ವಾರಗಟ್ಟಲೆ ಹಾಲು ಚೆಲ್ಲಿದ್ರ ನಾವೇನ್ ತಿನ್ನೂಣ್ರೀ?’ ಎಂದು ಒಂದೇ ಆಕಳು ಕಟ್ಟಿಕೊಂಡ ತಾಯಿ ಕೇಳಿದರೆ ನಮ್ಮ ಬಳಿ ಉತ್ತರವಿದೆಯೇ?

ಎಲ್ಲರ ಆರೋಗ್ಯಕ್ಕಾಗಿ ಆಗುವ ನಷ್ಟವನ್ನು ಬಡ ರೈತರೊಬ್ಬರೇ ಹೊರಬೇಕೆಂದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಡೇರಿಗೆ ಹಾಕುವ ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಹಾಗೆಯೇ ಚಿಕಿತ್ಸೆಯ ದಿನಗಳಲ್ಲಿ ಚೆಲ್ಲುವ ಹಾಲಿಗೂ, ಪಶುವೈದ್ಯರ ಚೀಟಿ ತೋರಿಸಿದವರಿಗೆ ಪರಿಹಾರ ಕೊಡಲಿ. ಮನೆಮನೆಗೆ ಹಾಲು ಹಾಕುವವರನ್ನೂ ಅದರಲ್ಲಿ ಸೇರಿಸಲಿ. ಚೀಟಿ ಬೇಕೆಂದಾದರೆ ವೈದ್ಯರನ್ನು ಕರೆಸುವ ರೂಢಿಯೂ ಬೆಳೆಯುತ್ತದೆ. 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ಈಗಾಗಲೇ ಇದೆ.

ಹಾಲು ಕೊಳ್ಳುವ ನಮಗೂ ಹೊಣೆಯಿದೆ. ‘ಆಕಳಿಗೆ ಔಷಧ ಕೊಡಿಸಿದ್ದೀನ್ರೀ, ಈ ವಾರ ಹಾಲಿಲ್ಲ’ ಎಂದು ನಿಜ ಹೇಳಿದವರನ್ನು ಬಿಟ್ಟು ಬೇರೆಯವರ ಬಳಿ ಹೋದರೆ, ಮುಂದೆ ಯಾರೂ ನಿಜ ಹೇಳುವುದಿಲ್ಲ. ಮುಂದಿನ ವಾರ ಅವರ ಕ್ಯಾನಿಗೇ ಪಾತ್ರೆ ಹಿಡಿಯೋಣ.