ಹಿರಿಯರು ಹೋದ ಮೇಲೆ ಭಜನಾ ಮೇಳ

ಕಳೆದ ವಾರ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಅವನೀಗ ನಲವತ್ತು ದಾಟಿದ ಗೃಹಸ್ಥ. ಹೊಲಮನೆಗಳನ್ನು ನೋಡಿಕೊಂಡು ಊರಿನ ಭಜನಾ ಮೇಳದಲ್ಲಿ ದಮ್ಮಡಿ ಬಾರಿಸುತ್ತಾನೆ. ಮೇಳದ ಮುಖ್ಯ ಹಾಡುಗಾರರು ತೀರಿಕೊಂಡು ಮೂರು ತಿಂಗಳಾಗಿವೆ. ಅಂದಿನಿಂದ ಅಮಾವಾಸ್ಯೆಯ ಭಜನೆ ನಡೆದಿಲ್ಲ. “ಸರ, ಮುತ್ಯಾ ಹೋದ ಮ್ಯಾಲ ಪದಾ ಯಾರು ಎತ್ತಬೇಕು ಅಂತ ತಿಳೀವಲ್ದು. ಕೆಲವರು ಬಂದ್ ಮಾಡೂನು ಅಂತಾರ. ನೀವೇನಂತೀರಿ?” ಎಂದು ಕೇಳಿದ.

“ನಿಲ್ಲಿಸಬೇಡಿರಪ್ಪಾ” ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆಮೇಲೆ ಆ ಉತ್ತರ ಸಾಲದೆನಿಸಿತು. ಏಕೆ ನಿಲ್ಲಿಸಬಾರದು, ಮುಂದುವರಿಸುವುದಾದರೆ ಹೇಗೆ ಎಂಬುದನ್ನು ಹೇಳದೆ ಬರಿಯ ಧೈರ್ಯ ಹೇಳಿದರೆ ಏನು ಪ್ರಯೋಜನ? ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ತಪ್ಪು ಉತ್ತರ ಕೊಟ್ಟವನು. ಆದ್ದರಿಂದ ಈ ಬಾರಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆ ತಪ್ಪು ನಡೆದದ್ದು ಆಳಂದ ತಾಲ್ಲೂಕಿನ ನನ್ನ ಹುಟ್ಟೂರಿನಲ್ಲಿ, 1996ರಲ್ಲಿ. ನಮ್ಮ ಮೇಳಕ್ಕೆ ಹಿರಿಯರಾಗಿದ್ದವರು ಗೌಂಡಿ ಕೆಲಸ ಮಾಡುತ್ತಿದ್ದ ಒಬ್ಬ ಅಜ್ಜ. ಅಕ್ಷರ ಕಲಿತವರಲ್ಲ. ಆದರೆ ಏಕತಾರಿ ಕೈಗೆತ್ತಿಕೊಂಡರೆಂದರೆ ಬೆಳ್ಳಿ ಮೂಡುವವರೆಗೂ ಒಂದು ಪದ ಹಾಡಿದ್ದನ್ನು ಮತ್ತೆ ಹಾಡುತ್ತಿರಲಿಲ್ಲ. ಅವರು ತೀರಿಕೊಂಡಾಗ ಮಠದ ಕಟ್ಟೆಯ ಮೇಲೆ ಎಲ್ಲರೂ ಸೇರಿ, ಮಾಸ್ತರರು ಓದಿಕೊಂಡವರು ಎಂದು ನನ್ನ ಅಭಿಪ್ರಾಯ ಕೇಳಿದರು. ಅವರಿಲ್ಲದ ಮೇಳ ಮೇಳವೇ ಅಲ್ಲ, ಅವರ ಗೌರವಕ್ಕಾಗಿ ನಿಲ್ಲಿಸುವುದೇ ಶೋಭೆ ಎಂದು ನಾನು ಗಂಭೀರವಾಗಿ ಹೇಳಿದೆ. ಎಲ್ಲರೂ ಕಣ್ಣೊರೆಸಿಕೊಂಡು ಒಪ್ಪಿದರು. ಪೇಟಿ, ತಾಳ, ಏಕತಾರಿಗಳು ಮಠದ ಕೋಣೆ ಸೇರಿದವು.

ಆರು ವರ್ಷಗಳ ನಂತರ ಜಾತ್ರೆಯ ರಾತ್ರಿ ಭಜನೆ ಮತ್ತೆ ಆರಂಭಿಸಬೇಕೆಂಬ ಮಾತು ಬಂತು. ಅಜ್ಜನ ಪದಗಳನ್ನು ಅವರ ಮಗ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಅರವತ್ತಕ್ಕೂ ಹೆಚ್ಚು ಪದಗಳಿದ್ದವು. ಆದರೆ ಯಾವ ಪದಕ್ಕೆ ಯಾವ ಮಟ್ಟು, ಪಲ್ಲವಿ ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಎಂಬುದು ನೋಟುಬುಕ್ಕಿನಲ್ಲಿ ಇರಲಿಲ್ಲ. ಹಿಮ್ಮೇಳದ ಹಿರಿಯರಲ್ಲಿ ಮೂವರು ಆ ವೇಳೆಗೆ ಕಾಲವಾಗಿದ್ದರು. ಉಳಿದವರಿಗೆ ನೆನಪಾದದ್ದು ಹನ್ನೊಂದು ಪದಗಳ ಮಟ್ಟು ಮಾತ್ರ. ಮಿಕ್ಕವು ಇಂದಿಗೂ ಕಾಗದದ ಮೇಲಿವೆ, ಬಾಯಲ್ಲಿ ಇಲ್ಲ. ಅಜ್ಜನಿಗೆ ಗೌರವ ಸಲ್ಲಿಸುತ್ತೇನೆಂದು ಹೊರಟು ಅವರು ಜೀವಮಾನವಿಡೀ ಕಾಪಾಡಿದ್ದನ್ನು ಕಳೆದುಬಿಟ್ಟೆ. ಈ ಮಾತನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿರಲಿಲ್ಲ.

ಹಾಗಾದರೆ ಹೇಗಾದರೂ ಮಾಡಿ ಮುಂದುವರಿಸಿದರೆ ಸಾಕೇ? ಅದೂ ಅಲ್ಲ. ನಾನು ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಒಂದು ಹಳ್ಳಿಯಲ್ಲಿ ಕೆಲಸದಲ್ಲಿದ್ದಾಗ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡೆ. ಅಲ್ಲಿಯ ಮೇಳದವರು ತಮ್ಮ ಹಿರಿಯ ಹಾಡುಗಾರರು ಹೋದ ಮೇಲೆ ಅವರ ಧ್ವನಿಯನ್ನೇ ಹೋಲುವ ಹುಡುಗನೊಬ್ಬನನ್ನು ಹುಡುಕಿ ತಂದರು. ಅದೇ ಬಣ್ಣದ ರುಮಾಲು ಸುತ್ತಿಸಿ ಅದೇ ಜಾಗದಲ್ಲಿ ಕೂಡಿಸಿದರು. ಹಿರಿಯರು ನುಡಿಯ ನಡುವೆ ಕೆಮ್ಮಿದಂತೆ ತಡೆಯುತ್ತಿದ್ದ ಜಾಗದಲ್ಲಿ ಅವನೂ ತಡೆಯಬೇಕು! ಜನ ಕಣ್ಣು ಮುಚ್ಚಿ ಕೇಳಿ, ಅವರೇ ಬಂದಂತಾಯಿತು ಎಂದು ತಲೆದೂಗಿದರು. ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷ ಹುಡುಗ ಸೊಲ್ಲಾಪುರಕ್ಕೆ ಕೆಲಸ ಹುಡುಕಿಕೊಂಡು ಹೋದ. ಹೋಗುವ ಮುನ್ನ ನನ್ನ ಬಳಿ ಬಂದು, “ಸರ, ಇಷ್ಟು ದಿವಸದಾಗ ನನ್ನ ಧ್ವನಿಲೆ ಒಂದ್ ಪದಾನೂ ಹಾಡಿಲ್ರಿ” ಎಂದ. ಅವನು ಹೋದದ್ದೇ ಮೇಳವೂ ನಿಂತಿತು. ಅವನನ್ನು ಬಿಟ್ಟು ಬೇರೆ ಯಾರನ್ನೂ ಅವರು ಸಿದ್ಧಗೊಳಿಸಿರಲಿಲ್ಲ.

ಇದು ನಮ್ಮ ಹಳ್ಳಿಗಳ ಸಮಸ್ಯೆ ಮಾತ್ರವಲ್ಲ. ನನ್ನ ಮೊಮ್ಮಗ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ರಾಕ್ ತಂಡಗಳ ಚರಿತ್ರೆಯಲ್ಲಿಯೂ ಇದೇ ಪ್ರಶ್ನೆ ಇದೆ ಎಂದು ಅವನಿಂದಲೇ ತಿಳಿದೆ. 1980ರ ಫೆಬ್ರುವರಿಯಲ್ಲಿ ಎಸಿ/ಡಿಸಿ ಎಂಬ ತಂಡದ ಗಾಯಕ ಬಾನ್ ಸ್ಕಾಟ್ ತೀರಿಕೊಂಡ. ತಂಡದವರು ಬ್ರಯಾನ್ ಜಾನ್ಸನ್ ಎಂಬ ಬೇರೆ ಗಾಯಕನನ್ನು ಸೇರಿಸಿಕೊಂಡು ಅದೇ ಜುಲೈನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಎಂಬ ಹಾಡುಗಳ ಸಂಪುಟವನ್ನು ಹೊರತಂದರು. ಹೊದಿಕೆ ಪೂರ್ತಿ ಕಪ್ಪು, ಅದು ಅವರ ಸೂತಕದ ಬಣ್ಣ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೆಡ್ ಜೆಪ್ಪೆಲಿನ್ ತಂಡದ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡ. ಅವನಿಲ್ಲದೆ ಮುಂದುವರಿಯಲಾರೆವೆಂದು ಆ ತಂಡದವರು ಡಿಸೆಂಬರಿನಲ್ಲಿ ಪ್ರಕಟಿಸಿ ನಿಲ್ಲಿಸಿಬಿಟ್ಟರು. ಒಂದೇ ವರ್ಷದಲ್ಲಿ ಎರಡು ಉತ್ತರಗಳು. “ಯಾರು ಸರಿ ಅಜ್ಜಾ?” ಎಂದು ಮೊಮ್ಮಗ ಕೇಳಿದ.

ಇಬ್ಬರನ್ನೂ ತಪ್ಪೆನ್ನಲಾಗದು. ಆ ಹಾಡುಗಳು ಅವರೇ ಕೂಡಿ ಕಟ್ಟಿದವು, ಅವರ ಸ್ವಂತ ಆಸ್ತಿ. ಮೇಲಾಗಿ ಎಲ್ಲವೂ ಧ್ವನಿಮುದ್ರಣವಾಗಿ ಉಳಿದಿವೆ. ಲೆಡ್ ಜೆಪ್ಪೆಲಿನ್ ನಿಂತಿತೆಂದು ಒಂದು ಹಾಡೂ ಕಳೆದುಹೋಗಲಿಲ್ಲ. ನಮ್ಮ ಭಜನಾ ಮೇಳದ ಸ್ಥಿತಿ ಬೇರೆ. ಅದು ಹಾಡುವ ಪದಗಳು ಅದರ ಸ್ವಂತದವಲ್ಲ. ಹಿಂದಿನವರು ಕೊಟ್ಟು ಹೋದದ್ದನ್ನು ಮುಂದಿನವರಿಗೆ ದಾಟಿಸುವ ತನಕ ಅದು ಇಟ್ಟುಕೊಂಡಿರುತ್ತದೆ, ಅಷ್ಟೇ. ಇಂಥದ್ದನ್ನು ನಿಲ್ಲಿಸುವ ಅಧಿಕಾರ ನಮಗೆ ಇದೆಯೇ? ಇಲ್ಲವೆಂಬುದೇ ನನ್ನ ಇಂದಿನ ಅಭಿಪ್ರಾಯ.

ತತ್ವಪದಗಳು ಈಗ ಅಚ್ಚಾಗಿವೆಯಲ್ಲ ಎಂದು ಕೆಲವರು ಹೇಳಬಹುದು. ನಿಜ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರದವರು ನಾಡಿನ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿ ದೊಡ್ಡ ಉಪಕಾರ ಮಾಡಿದ್ದಾರೆ. ಆದರೆ ಅಚ್ಚಿನಲ್ಲಿ ಉಳಿಯುವುದು ಮಾತು. ಮಟ್ಟು ಉಳಿಯಬೇಕಾದರೆ ಹಾಡುವ ಬಾಯಿ ಬೇಕು. ನಮ್ಮೂರ ನೋಟುಬುಕ್ಕು ನನಗೆ ಕಲಿಸಿದ ಪಾಠ ಇದು.

ಮುಂದುವರಿಸುವ ರೀತಿ ಯಾವುದು? ಇದಕ್ಕೆ ಮಾದರಿಗಳು ನಮ್ಮಲ್ಲಿಯೇ ಇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದಾಗ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಆ ಸಂಸ್ಥೆಯ ಹೊಣೆ ಹೊತ್ತವರು ಮೂವತ್ತರ ಹರೆಯದ ಪುಟ್ಟರಾಜ ಗವಾಯಿಗಳು. ಗುರುಗಳಂತೆ ಅವರೂ ದೃಷ್ಟಿ ಇಲ್ಲದವರು. ಅವರು ಗುರುಗಳ ನಕಲಾಗಲಿಲ್ಲ. ಅನೇಕ ವಾದ್ಯಗಳನ್ನು ನುಡಿಸಿದರು, ನಾಟಕ ಬರೆದರು, ನಾಟಕ ಕಂಪನಿ ನಡೆಸಿ ಅದರ ಗಳಿಕೆಯಿಂದ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದರು. 2010ರ ಸೆಪ್ಟೆಂಬರ್ 17ರಂದು ಅವರೂ ಲಿಂಗೈಕ್ಯರಾದರು. ಆಶ್ರಮ ನಿಲ್ಲಲಿಲ್ಲ. ಪಂಚಾಕ್ಷರಿ ಗವಾಯಿಗಳು ತಾವಿರುವಾಗಲೇ ಶಿಷ್ಯನನ್ನು ಬೆಳೆಸಿದ್ದರೆಂಬುದನ್ನು ನಾವು ಮರೆಯಬಾರದು. ಹಿರಿಯರು ಹೋದ ಮೇಲೆ ಹುಡುಕಾಡುವುದಕ್ಕಿಂತ ಹಿರಿಯರಿರುವಾಗ ಕಲಿಯುವುದು ಲೇಸು.

ಆದರೆ ಎಲ್ಲ ಮೇಳಕ್ಕೂ ಒಬ್ಬ ಪುಟ್ಟರಾಜರು ಸಿಗುವುದಿಲ್ಲ. ಆಗ ಏನು ಮಾಡಬೇಕು? ದೆಹಲಿಯ ‘ಇಂಡಿಯನ್ ಓಷನ್’ ಎಂಬ ರಾಕ್ ತಂಡದಲ್ಲಿ ಅಶೀಂ ಚಕ್ರವರ್ತಿ ತಬಲ ಬಾರಿಸುತ್ತಲೇ ಹಾಡುತ್ತಿದ್ದರು. 2009ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನಾಲ್ಕೇ ದಿನಗಳ ನಂತರ, 29ರಂದು, ನಮ್ಮ ಸಿ. ಅಶ್ವಥ್ ಅವರೂ ಹೋದರು. ದೆಹಲಿಯ ತಂಡದವರು ಅಶೀಂ ಅವರಂಥ ಇನ್ನೊಬ್ಬರನ್ನು ಹುಡುಕಲಿಲ್ಲ. ತಬಲಕ್ಕೆ ಒಬ್ಬರನ್ನು, ಹಾಡುಗಾರಿಕೆಗೆ ಇನ್ನೊಬ್ಬರನ್ನು ಸೇರಿಸಿಕೊಂಡು ಹಾಡುತ್ತ ಹೋದರು. ಒಬ್ಬರು ಹೊತ್ತ ಭಾರವನ್ನು ಇಬ್ಬರು ಹಂಚಿಕೊಂಡರೆ ಅವಮಾನವೇನೂ ಇಲ್ಲ. ಇನ್ನು ಅಶ್ವಥ್ ಅವರು ಮನೆಮನೆಗೆ ಮುಟ್ಟಿಸಿದ ಶರೀಫರ ಪದಗಳನ್ನು ಇಂದು ಎಷ್ಟೋ ಮಂದಿ ಹಾಡುತ್ತಿದ್ದಾರೆ. ಅವರ ಏರುಧ್ವನಿಯನ್ನೇ ಅನುಕರಿಸುವವರನ್ನು ಕೇಳಿದಾಗ ನನಗೆ ಭೀಮಾ ತೀರದ ಆ ಹುಡುಗ ನೆನಪಾಗುತ್ತಾನೆ.

ಜೇವರ್ಗಿ ಸೀಮೆಯವರಿಗೆ ನಾನು ಇಷ್ಟು ದೂರದ ಉದಾಹರಣೆ ಕೊಡಬೇಕಾಗಿಯೇ ಇಲ್ಲ. ಕಡಕೋಳ ಅವರ ನೆರೆಯ ಊರು. ಅದು ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿಯೇ ಇತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಕಡಕೋಳದ ಮಡಿವಾಳಪ್ಪನವರು ತಮ್ಮ ಪದಗಳ ಕೊನೆಯಲ್ಲಿ ಅಂಕಿತವಾಗಿ ಇಟ್ಟದ್ದು ತಮ್ಮ ಹೆಸರನ್ನಲ್ಲ, ಗುರು ಮಹಾಂತನ ಹೆಸರನ್ನು. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರಂಥವರೂ ಇದ್ದರು. ಆ ಶಿಷ್ಯರು ಗುರುವಿನ ಪದಗಳನ್ನು ಹಾಡುತ್ತ ತಮ್ಮ ಪದಗಳನ್ನೂ ಕಟ್ಟಿದರು. ಹೋದವರ ಹೆಸರು ಪದದೊಳಗೆ ಉಳಿಯಬೇಕು, ಹಾಡುವ ಧ್ವನಿ ಮಾತ್ರ ಇಂದಿನವರದೇ ಆಗಿರಬೇಕು ಎಂಬುದನ್ನು ಈ ಪರಂಪರೆ ಎಂದೋ ತೀರ್ಮಾನಿಸಿದೆ. ಪ್ರತಿ ಪದದ ಕೊನೆಯ ನುಡಿಯಲ್ಲಿ ನಾವು ಅಗಲಿದವರೊಬ್ಬರ ಹೆಸರು ಹೇಳಿಯೇ ಮುಗಿಸುತ್ತೇವೆ. ಇದಕ್ಕಿಂತ ದೊಡ್ಡ ಗೌರವ ಬೇರೆ ಯಾವುದಿದೆ?

ಆದ್ದರಿಂದ, ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಬರುವ ಅಮಾವಾಸ್ಯೆಗೇ ಭಜನೆ ಹಚ್ಚಿರಿ. ಮುತ್ಯಾನ ಜಾಗಕ್ಕೆ ಒಬ್ಬರನ್ನೇ ನೇಮಿಸಬೇಡಿರಿ. ಪದಗಳನ್ನು ಹಂಚಿಕೊಳ್ಳಿರಿ, ಒಬ್ಬೊಬ್ಬರು ಒಂದೊಂದನ್ನು ಎತ್ತಿರಿ. ಮೊದಲ ರಾತ್ರಿ ತಪ್ಪುತ್ತದೆ, ತಪ್ಪಲಿ. ಯಾರೂ ಅವರಂತೆ ಹಾಡಲು ಹೋಗಬೇಡಿರಿ, ಅವರು ಕಲಿಸಿದಂತೆ ಹಾಡಿರಿ. ಈ ಎರಡರ ನಡುವಿನ ವ್ಯತ್ಯಾಸ ನಿನಗೆ ತಿಳಿಯುತ್ತದೆ. ಹಿಮ್ಮೇಳದ ಹಿರಿಯರನ್ನು ಕೂಡಿಸಿ, ಅವರಿಗೆ ನೆನಪಿರುವ ಮಟ್ಟುಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಡು. ನಮಗೆ ಆಗ ಆ ಅನುಕೂಲ ಇರಲಿಲ್ಲ, ನಿಮಗೆ ಇದೆ. ಇನ್ನೊಂದು ಮಾತು. ಮುತ್ಯಾನ ಮಗಳು ರೊಟ್ಟಿ ಬಡಿಯುತ್ತ ಆ ಪದಗಳನ್ನೇ ಗುನುಗುತ್ತಾಳೆಂದು ನೀನೇ ಹೇಳಿದೆ. ಯಾರಿಗೂ ನೆನಪಾಗದ ಮಟ್ಟುಗಳು ಅವಳಲ್ಲಿ ಇರಬಹುದು. ಮೇಳದಲ್ಲಿ ಹೆಣ್ಣುಮಕ್ಕಳು ಕುಳಿತಿಲ್ಲವೆಂಬ ಒಂದೇ ಕಾರಣಕ್ಕೆ ಅವಳನ್ನು ಕೇಳದೆ ಬಿಡಬೇಡಿರಿ.

ಅಮಾವಾಸ್ಯೆಗೆ ನಾನೂ ಬರುತ್ತೇನೆ. ನನಗೆ ಮುಂದೆ ಜಾಗ ಬೇಡ, ಹಿಮ್ಮೇಳದಲ್ಲಿ ಕುಳಿತು ಪಲ್ಲವಿ ಹಿಡಿಯುತ್ತೇನೆ. ನಮ್ಮೂರಿನ ಹನ್ನೊಂದು ಪದಗಳನ್ನೂ ತರುತ್ತೇನೆ. ಕಲಿಯುವವರಿದ್ದರೆ ಬೆಳಗಿನವರೆಗೆ ಹೇಳಿಕೊಡುತ್ತೇನೆ.