ಹಾಡು ಮುಗಿಸುವುದನ್ನೂ ಕಲಿಯೋಣ



ಗಿಟಾರ್ ಕಲಿಯುವವರಿಗೆ ಹಾಡು ಶುರು ಮಾಡುವುದು ಬೇಗ ಬರುತ್ತದೆ. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದರೆ ಜಿ, ಸಿ, ಡಿ ಕಾರ್ಡ್‌ಗಳು ಕೈಗೆ ಸಿಗುತ್ತವೆ. ಪಲ್ಲವಿ ನಡೆಯುತ್ತದೆ, ಚರಣವೂ ನಡೆಯುತ್ತದೆ. ತೊಂದರೆ ಆಗುವುದು ಎರಡೇ ಕಡೆ. ಒಂದು, ಚರಣ ಮುಗಿದು ಪಲ್ಲವಿಗೆ ಮರಳುವಾಗ. ಇನ್ನೊಂದು, ಹಾಡು ಪೂರ್ತಿ ಮುಗಿಯುವಾಗ. ಈ ಎರಡು ಜಾಗ ಗೊಂದಲವಾದರೆ ಜನ ಹಾಡುವುದನ್ನೇ ಬಿಟ್ಟುಬಿಡುತ್ತಾರೆ. ಕಂದಲಗಾಂವದ ಗಾನವೃಂದದವರಾದ ನಾವು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆವು.

ಕಳೆದ ಮಳೆಗಾಲದಲ್ಲಿ ನಮ್ಮಲ್ಲೊಬ್ಬ 'ವೆಸ್ಟರ್ನ್ ಸ್ವಿಂಗ್' ಎಂಬ ಅಮೆರಿಕದ ಶೈಲಿಯ ಗಿಟಾರ್ ಪಾಠಗಳನ್ನು ನೋಡತೊಡಗಿದ. ಸಾಲಿನ ಕೊನೆಗೆ ಕಾರ್ಡ್‌ಗಳನ್ನು ಒಂದರ ಹಿಂದೊಂದು ಸರಿಸುತ್ತಾ ಮತ್ತೆ ಮೊದಲಿಗೆ ತಂದು ನಿಲ್ಲಿಸುವ ಅವರ ಜಾಣತನ ನಮಗೆಲ್ಲ ಹಿಡಿಸಿತು. ಎರಡು ವಾರ ಮನೆಯಲ್ಲಿ ಕೂತು ಅಭ್ಯಾಸ ಮಾಡಿದೆವು. ಒಂದು ಭಾನುವಾರ ಅರ್ಪಣಾ ಗೀತೆಗೆ ಅದನ್ನು ಬಾರಿಸಿಯೂ ಬಿಟ್ಟೆವು. ಯಾರಿಗೂ ಮೊದಲೇ ಹೇಳಿರಲಿಲ್ಲ. ಚರಣದ ಕೊನೆಗೆ ನಾವು ಹೊಸ ಕಾರ್ಡ್ ಹಿಡಿದಾಗ ಜನ ಪಲ್ಲವಿ ಎತ್ತಲೋ ಬೇಡವೋ ಎಂದು ತಡೆದರು. ಕೊನೆಯ ಸಾಲನ್ನು ಮೂರು ಸಲ ಹಾಡಿ ಮುಗಿಸುವುದು ನಮ್ಮ ಯೋಜನೆ. ಮೊದಲನೇ ಸಲಕ್ಕೇ ಎಲ್ಲರೂ ನಿಲ್ಲಿಸಿದರು. ಉಳಿದ ಎರಡು ಸಲ ನಾವು ನಾಲ್ಕು ಜನರೇ ಹಾಡಿದೆವು. ಗುರುಗಳು ಪೀಠದ ಬಳಿ ಕಾಯುತ್ತಾ ನಿಂತಿದ್ದರು.

ಬಲಿಪೂಜೆ ಮುಗಿದ ಮೇಲೆ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುವ ಆಯಿ ಒಬ್ಬರು ನಮ್ಮ ಹತ್ತಿರ ಬಂದರು. ಬೈಯಲಿಲ್ಲ. "ಚಲೋ ಬಾರಸ್ತೀರಿ ತಮ್ಮಾ. ಆದ್ರ ಇವತ್ತು ಹಾಡು ನಿಮ್ದ ಆತು, ನಾವು ಬರೇ ಕೇಳಾವ್ರು ಆದ್ವಿ" ಅಂದರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು.

ಯಾಕೆಂದರೆ ನಮ್ಮದು ಗಡಿಯ ಊರು. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಮನೆಗಳಲ್ಲಿ ಕನ್ನಡ ಮಾತಾಡುತ್ತೇವೆ, ಹೊರಗೆ ಹೋದರೆ ಮರಾಠಿ. ನಮ್ಮ ಮಕ್ಕಳಲ್ಲಿ ಹಲವರು ಮರಾಠಿ ಶಾಲೆಗೆ ಹೋಗುತ್ತಾರೆ, ಕನ್ನಡ ಅಕ್ಷರ ಅವರಿಗೆ ಬಾರದು. ಗೀತೆಪುಸ್ತಕ ಕೈಗೆ ಕೊಟ್ಟರೂ ಓದಲಾರರು. ಹಾಗಿದ್ದೂ ಅವರಿಗೆ ಕನ್ನಡ ಗೀತೆಗಳು ಬರುತ್ತವೆ. ಹೇಗೆ? ಪಕ್ಕದಲ್ಲಿ ಕೂತ ಆಯಿ ಹಾಡುವುದನ್ನು ಕೇಳಿ ಕೇಳಿ. ನಮ್ಮ ಗೀತೆಪುಸ್ತಕ ನಿಜವಾಗಿ ಇರುವುದು ಆ ಆಯಂದಿರ ಬಾಯಲ್ಲಿ. ನಮ್ಮ ಗಿಟಾರ್ ಅವರ ಬಾಯಿ ಮುಚ್ಚಿಸಿದರೆ ಒಂದು ಭಾನುವಾರದ ಹಾಡು ಕೆಟ್ಟಿತು ಎಂದಷ್ಟೇ ಆಗುವುದಿಲ್ಲ. ಮುಂದಿನ ತಲೆಮಾರಿಗೆ ಹೋಗಬೇಕಾದ ಮಾತು ಅಲ್ಲೇ ನಿಂತುಹೋಗುತ್ತದೆ.

ಹಾಗಾದರೆ ಗಿಟಾರ್ ಬಿಡಬೇಕೇ? ನಮ್ಮ ಅಭಿಪ್ರಾಯ, ಬಿಡಬೇಕಿಲ್ಲ. ಆ ಶೈಲಿಯನ್ನೂ ಬಿಡಬೇಕಿಲ್ಲ. ನಾವು ಅದನ್ನು ಅರ್ಧ ಮಾತ್ರ ಕಲಿತಿದ್ದೆವು, ಪೂರ್ತಿ ಕಲಿಯಬೇಕು.

ವೆಸ್ಟರ್ನ್ ಸ್ವಿಂಗ್ ಹುಟ್ಟಿದ್ದು 1930ರ ದಶಕದಲ್ಲಿ, ಅಮೆರಿಕದ ಟೆಕ್ಸಸ್ ಮತ್ತು ಒಕ್ಲಹೋಮ ಕಡೆ. ಅದರ ದೊಡ್ಡ ಹೆಸರು ಬಾಬ್ ವಿಲ್ಸ್ (1905–1975). ಟೆಕ್ಸಸ್‌ನ ಹತ್ತಿ ಹೊಲಗಳಲ್ಲಿ ಬೆಳೆದ ಪಿಟೀಲುಗಾರ. ಹಳ್ಳಿಯ ಪಿಟೀಲು, ಜಾಝ್, ಬ್ಲೂಸ್, ಹವಾಯಿಯಿಂದ ಬಂದ ಸ್ಟೀಲ್ ಗಿಟಾರ್ ಎಲ್ಲ ಸೇರಿ ಆ ಸಂಗೀತವಾಯಿತು. ಅವರ ತಂಡದಲ್ಲಿ ರಿದಮ್ ಗಿಟಾರ್ ಬಾರಿಸುತ್ತಿದ್ದವರು ಎಲ್ಡನ್ ಶ್ಯಾಂಬ್ಲಿನ್. ಒಂದೇ ಕಾರ್ಡ್ ಹಿಡಿದು ಕೂರದೆ, ಕೆಳಗಿನ ತಂತಿಯ ಸ್ವರ ಹೆಜ್ಜೆ ಹಾಕುತ್ತಾ ಹೋಗುವಂತೆ ಕಾರ್ಡ್ ಬದಲಿಸುವುದು ಅವರ ರೀತಿ. ಇಷ್ಟೆಲ್ಲ ಯಾರಿಗಾಗಿ? ಕುಣಿಯಲು ಬಂದ ಜನರಿಗಾಗಿ. ಸಾಲು ಎಲ್ಲಿ ತಿರುಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಅವರ ಕಾಲಿಗೆ ಮೊದಲೇ ಗೊತ್ತಾಗಬೇಕಿತ್ತು. ವಿಲ್ಸ್ ತಮ್ಮ ಪಿಟೀಲಿನ ಕಮಾನನ್ನೇ ಚಾಚಿ ಮುಂದೆ ಯಾರು ನುಡಿಸಬೇಕೆಂದು ತೋರಿಸುತ್ತಿದ್ದರು. ಕಾರ್ಡ್‌ಗಳ ಜಾಣತನ ನಮಗೆ ಕಂಡಿತ್ತು, ಈ ಸೂಚನೆಯ ಶಿಸ್ತು ಕಂಡಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಚರಣದ ಕೊನೆಯಿಂದ ಮತ್ತೆ ಮೊದಲಿಗೆ ತಿರುಗಿಸಿ ತರುವ ಕಾರ್ಡ್‌ಗಳ ಗುಂಪಿಗೆ ಟರ್ನ್‌ಅರೌಂಡ್ ಅನ್ನುತ್ತಾರೆ. ಅದು ಕೆಲಸ ಮಾಡುವುದು ಹೀಗೆ. ಜಿ ನಮ್ಮ 'ಸ' ಎಂದಿಟ್ಟುಕೊಳ್ಳಿ. ಆಗ ಡಿ ಸೆವೆನ್ ಕಾರ್ಡ್‌ನೊಳಗೆ 'ನಿ' ಇದೆ, 'ಮ' ಇದೆ. ಹಾರ್ಮೋನಿಯಂ ಮೇಲೆ 'ನಿ' ಹಿಡಿದು ನಿಲ್ಲಿಸಿ ನೋಡಿ, ಕಿವಿ ತಾನಾಗಿ 'ಸ' ಕೇಳುತ್ತದೆ. 'ಮ' ಇಳಿದು 'ಗ'ಕ್ಕೆ ಹೋಗಬೇಕು ಅನ್ನಿಸುತ್ತದೆ. ಈ ಎರಡು ಎಳೆತ ಸೇರಿದ್ದಕ್ಕೇ ಡಿ ಸೆವೆನ್ ಆದಮೇಲೆ ಜಿ ಬಂದರೆ ಮನೆಗೆ ಬಂದಂತೆ ಆಗುತ್ತದೆ. ಸಂಗೀತ ಕಲಿಯದ ಆಯಿಗೂ ಅದು ಗೊತ್ತಾಗುತ್ತದೆ.

ವೆಸ್ಟರ್ನ್ ಸ್ವಿಂಗ್‌ನವರು ಈ ದಾರಿಗೆ ಇನ್ನೆರಡು ಮೆಟ್ಟಿಲು ಸೇರಿಸುತ್ತಾರೆ: ಜಿ ಸಿಕ್ಸ್, ಜಿ ಶಾರ್ಪ್ ಡಿಮಿನಿಶ್ಡ್, ಎ ಮೈನರ್ ಸೆವೆನ್, ಡಿ ಸೆವೆನ್. ಒಂದೊಂದಕ್ಕೂ ಎರಡೆರಡು ಮಾತ್ರೆ. ಒಟ್ಟು ಎಂಟು ಮಾತ್ರೆ, ಅಂದರೆ ನಮ್ಮ ಢೋಲಕಿಯ ಕೆಹರವಾದ ಸರಿಯಾಗಿ ಒಂದು ಆವರ್ತನ! ಕೈಗೂ ಕಷ್ಟವಿಲ್ಲ. ಜಿ ಸಿಕ್ಸ್‌ಗೆ ಆರನೇ ತಂತಿ ಮೂರನೇ ಮನೆ, ನಾಲ್ಕನೇ ತಂತಿ ಎರಡನೇ ಮನೆ, ಮೂರನೇ ತಂತಿ ನಾಲ್ಕನೇ ಮನೆ, ಎರಡನೇ ತಂತಿ ಮೂರನೇ ಮನೆ ಹಿಡಿಯಿರಿ. ಉಳಿದ ತಂತಿ ಮಿಡಿಯಬೇಡಿ. ಅಲ್ಲಿಂದ ಮೂರನೇ, ಎರಡನೇ ತಂತಿಯ ಬೆರಳು ಹಾಗೇ ಇರಲಿ. ಆರನೇ, ನಾಲ್ಕನೇ ತಂತಿಯ ಬೆರಳುಗಳನ್ನು ಮಾತ್ರ ಒಂದೊಂದು ಮನೆ ಮೇಲೆ ಸರಿಸಿದರೆ ಡಿಮಿನಿಶ್ಡ್ ಸಿದ್ಧ. ಮುಂದೆ ನಾಲ್ಕೂ ತಂತಿ ಐದನೇ ಮನೆಯಲ್ಲಿ ಹಿಡಿದರೆ ಎ ಮೈನರ್ ಸೆವೆನ್. ಅಲ್ಲಿಂದ ನಾಲ್ಕನೇ ತಂತಿಯನ್ನು ನಾಲ್ಕನೇ ಮನೆಗೆ, ಎರಡನೇ ತಂತಿಯನ್ನು ಮೂರನೇ ಮನೆಗೆ ಇಳಿಸಿದರೆ ಡಿ ಸೆವೆನ್. ಮತ್ತೆ ಮನೆ.

ಇನ್ನು ಮುಕ್ತಾಯ. ಕೊನೆಯ ಸಾಲನ್ನು ಮೂರು ಸಲ ಹೇಳಿ ಮುಗಿಸುವುದು ಅವರಲ್ಲಿ ಬಹಳ ರೂಢಿ. ಮೊದಲ ಎರಡು ಸಲ ಸಾಲು ಮುಗಿಯುವಲ್ಲಿ ಜಿ ಬದಲು ಇ ಸೆವೆನ್ ಹಿಡಿಯುತ್ತಾರೆ. ಮನೆಯ ಬಾಗಿಲ ತನಕ ಬಂದು ಇನ್ನೊಂದು ಸುತ್ತು ಹೊರಟಂತೆ. ಅಲ್ಲಿಂದ ಎ ಸೆವೆನ್, ಡಿ ಸೆವೆನ್ ಮೂಲಕ ಮತ್ತೆ ಬರುತ್ತಾರೆ. ಮೂರನೇ ಸಲ ಜಿ. ಇದು ನಮಗೆ ಹೊಸತೇ? ನಮ್ಮ ಸೀಮೆಯ ಭಜನೆಯಲ್ಲಿ ತಬಲಾದವರು ಹಾಕುವ ತಿಹಾಯಿ ನೆನಪಿಸಿಕೊಳ್ಳಿ. ಒಂದೇ ತುಣುಕು ಮೂರು ಸಲ, ಮೂರನೆಯದು ಸರಿಯಾಗಿ ಸಮದ ಮೇಲೆ. ಕೂತವರೆಲ್ಲ ತಲೆದೂಗುತ್ತಾರೆ, ಯಾಕೆಂದರೆ ಮೂರನೆಯದಕ್ಕೆ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ನಮ್ಮ ಅರ್ಪಣಾ ಗೀತೆ ಕೆಟ್ಟದ್ದು ಮೂರು ಸಲ ಹಾಡಿದ್ದಕ್ಕಲ್ಲ, ಜನರಿಗೆ ಅದು ಗೊತ್ತಿರಲಿಲ್ಲ ಎಂಬುದಕ್ಕೆ.

ಕೆಲವು ಹಿರಿಯರು ಕೇಳುತ್ತಾರೆ: ಕುಣಿತದ ಮನೆಯ ಸಂಗೀತ ದೇವರ ಮನೆಗೆ ಯಾಕೆ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಸಂಗೀತ ಯಾವತ್ತೂ ಬಾಗಿಲಿನ ಎರಡೂ ಕಡೆ ಓಡಾಡಿದೆ. ಇಂದು ನಮ್ಮ ಭಜನೆಗೆ ಬೇಕೇಬೇಕಾದ ಹಾರ್ಮೋನಿಯಂ ಅನ್ನು ಅಲೆಕ್ಸಾಂಡರ್ ದೆಬೆನ್ ಎಂಬಾತ 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಮಾಡಿಸಿದ. ಗೋವೆಯ ಚರ್ಚ್ ಶಾಲೆಗಳಲ್ಲಿ ಸ್ವರ ಓದಲು ಕಲಿತ ಎಷ್ಟೋ ವಾದಕರು ಮುಂಬೈಗೆ ಹೋಗಿ ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳನ್ನು ಕಟ್ಟಿದರು. ಆಂಥನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಅಂಥವರ ಹೆಸರು ಕೇಳಿರಬಹುದು. ಕಾರ್ಡ್ ಎಲ್ಲಿಂದ ಬಂತು ಎನ್ನುವುದಕ್ಕಿಂತ ಇಲ್ಲಿ ಏನು ಮಾಡುತ್ತಿದೆ ಎನ್ನುವುದನ್ನು ನೋಡಬೇಕು.

ಅದಕ್ಕೆ ಧರ್ಮಸಭೆ ಅಳತೆಗೋಲನ್ನೂ ಕೊಟ್ಟಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ದಾಖಲೆ, ನೆರೆದ ಜನರೆಲ್ಲ ಹಾಡಿನಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕು ಎನ್ನುತ್ತದೆ. 1967ರಲ್ಲಿ ಬಂದ 'ಮೂಸಿಕಾಮ್ ಸಾಕ್ರಾಮ್' ಎಂಬ ಸೂಚನೆ ಇನ್ನೂ ಸ್ಪಷ್ಟ: ವಾದ್ಯಗಳು ಧ್ವನಿಗೆ ಆಸರೆಯಾಗಬೇಕು, ಹಾಡಿನ ಮಾತು ಕೇಳಿಸದಂತೆ ಅದನ್ನು ಮುಚ್ಚಬಾರದು. ತಪಸ್ಸುಕಾಲದಲ್ಲಿ ಕೆಲವು ಹಬ್ಬದ ದಿನಗಳನ್ನು ಬಿಟ್ಟರೆ ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ. ಹಿರಿಯರ ಆತಂಕದಲ್ಲಿ ನಿಜ ಇರುವುದು ಇಲ್ಲಿಯೇ. ಪರಮಪ್ರಸಾದದ ನಂತರದ ಮೌನದಲ್ಲಿ, ಮಣ್ಣು ಕೊಡುವ ದಿನದ ಹಾಡಿನಲ್ಲಿ ಸ್ವಿಂಗ್ ಬೇಡ. ಅಲ್ಲಿ ಸಿ ಕಾರ್ಡ್‌ನಿಂದ ಜಿ ಕಾರ್ಡ್‌ಗೆ ನಿಧಾನ ಇಳಿದರೆ ಸಾಕು. ಹಳೆಯ ಗೀತೆಗಳ ಕೊನೆಗೆ 'ಆಮೆನ್' ಹಾಡುವಾಗ ಬರುವ ಇಳಿತ ಅದೇ.

ಈಗ ನಾವು ಏನು ಮಾಡುತ್ತಿದ್ದೇವೆ, ಹೇಳುತ್ತೇವೆ. ಶನಿವಾರ ಸಂಜೆಯ ಅಭ್ಯಾಸವನ್ನು ಹಾಡಿನ ಕೊನೆಯ ಸಾಲಿನಿಂದ ಶುರು ಮಾಡುತ್ತೇವೆ. ಮುಕ್ತಾಯ ಸರಿಹೋದ ಮೇಲೆಯೇ ಮೊದಲ ಸಾಲು. ಒಂದು ಹಾಡಿಗೆ ಒಂದೇ ಟರ್ನ್‌ಅರೌಂಡ್, ಎಲ್ಲ ಚರಣಗಳ ನಡುವೆ ಅದೇ, ಅದೇ ಎಂಟು ಮಾತ್ರೆ. ಎರಡನೇ ಚರಣದ ಹೊತ್ತಿಗೆ ಜನರ ಕಿವಿ ಅದನ್ನು ಗುರುತಿಸುತ್ತದೆ. ಕೊನೆಯ ಸಾಲು ಮೂರು ಸಲ ಎಂದಿದ್ದರೆ ಬಲಿಪೂಜೆಗೆ ಮೊದಲೇ ಜನರ ಜೊತೆ ಒಮ್ಮೆ ಹಾಡಿ ನೋಡುತ್ತೇವೆ, ಹಾಡುವಾಗ ಮುಂದೆ ನಿಂತ ಅಕ್ಕ ಕೈ ಎತ್ತಿ ತೋರಿಸುತ್ತಾಳೆ. ಗುರುಗಳು ಸಿದ್ಧರಾಗಿದ್ದರೆ ಒಂದೇ ಸಲಕ್ಕೆ ನೇರವಾಗಿ ಮುಗಿಸುತ್ತೇವೆ. ಮತ್ತು ಹೊಸದೇನಾದರೂ ಕಲಿತರೆ ಮೊದಲು ಆ ಆಯಿಯ ಮನೆಯ ಪಡಸಾಲೆಯಲ್ಲಿ ಕೂತು ಬಾರಿಸುತ್ತೇವೆ. ಅವರು ಸರಿಯಾದ ಜಾಗದಲ್ಲಿ ಪಲ್ಲವಿ ಎತ್ತಿಕೊಂಡರೆ ಅದು ಪಾಸು. ಅವರು ತಡೆದರೆ ನಾವು ಬದಲಿಸುತ್ತೇವೆ.

ಮೊನ್ನೆ ಮೊನ್ನೆ ಅದೇ ಅರ್ಪಣಾ ಗೀತೆಯನ್ನು ಮತ್ತೆ ಹಾಡಿದೆವು. ಅದೇ ಕಾರ್ಡ್‌ಗಳು, ಅದೇ ಮೂರು ಸಲದ ಮುಕ್ತಾಯ. ಟರ್ನ್‌ಅರೌಂಡ್ ಮುಗಿದು ಡಿ ಸೆವೆನ್ ಬಂದೊಡನೆ ಮುಂದಿನ ಸಾಲಿನಿಂದ ಪಲ್ಲವಿ ನಮಗಿಂತ ಮೊದಲೇ ಎದ್ದಿತು. ಆಯಿಯ ಪಕ್ಕ ಕೂತಿದ್ದ, ಮರಾಠಿ ಶಾಲೆಯ ಎರಡನೇ ಇಯತ್ತೆಯ ಹುಡುಗಿಯೂ ಬಾಯಿ ತೆರೆದು ಹಾಡುತ್ತಿದ್ದಳು. ಮೂರನೇ ಸಲ ಎಲ್ಲರೂ ಒಟ್ಟಿಗೆ ನಿಂತೆವು.

ನಿಮ್ಮ ಗಾನವೃಂದದಲ್ಲಿ ಗಿಟಾರ್ ಇದ್ದರೆ ಈ ಶನಿವಾರ ಒಂದು ಕೆಲಸ ಮಾಡಿ. ಹೊಸ ಹಾಡು ಹುಡುಕುವ ಬದಲು ಬರುವ ಹಾಡೊಂದರ ಕೊನೆಯ ಸಾಲನ್ನು ಹತ್ತು ಸಲ ಹಾಡಿ. ಮನೆಯ ಹಿರಿಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಹಾಡಿ. ಅವರು ನಿಮ್ಮ ಜೊತೆ ಮುಗಿಸಿದರೆ ನಿಮಗೆ ಗಿಟಾರ್ ಬಂತು ಎಂದು ತಿಳಿಯಿರಿ.