ಚಳಿಗಾಳಿಯ ನಾಡಿಗೆ ಒಯ್ಯುವ ಡೇರೆ

ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಹಿಮಾಲಯದ ಆಚೆ ಮಗ್ಗುಲಿನ ಲಡಾಖಿನಲ್ಲಿ ಘಾಟಿಗಳ ಹಿಮ ಕರಗಿ ದಾರಿ ತೆರೆಯುತ್ತದೆ. ಮೋಟಾರ್‌ಸೈಕಲ್ ಏರಿ ಅತ್ತ ಹೊರಡುವ ನಮ್ಮ ಕಡೆಯ ತರುಣರು, ಈಚೆಗೆ ತರುಣಿಯರೂ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದು ಕಣ್ಣಿಗೆ ಕಾಣುವ ಸಂಗತಿ. 2020ರಲ್ಲಿ ರೋಹ್ತಾಂಗ್ ಘಾಟಿಯ ಅಡಿಯಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿ–ಲೇಹ್ ದಾರಿ ಇನ್ನಷ್ಟು ಸುಲಭವಾಗಿದೆ. ಹೊರಡುವವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: ಎಲ್ಲಕ್ಕಿಂತ ಹಗುರವಾದ ಡೇರೆ ಯಾವುದು?

ನಮ್ಮ ಪತ್ರಿಕೆಗೆ ಈ ವಿಚಾರವೇಕೆ ಎಂದು ಹುಬ್ಬೇರಿಸುವ ಹಿರಿಯರಿದ್ದಾರೆ. ಬೈಕಿನ ಪ್ರವಾಸವನ್ನೇ ವಿರೋಧಿಸಬೇಕೆಂಬುದು ಅವರ ನಿಲುವು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಬೆಂಗಳೂರಿನಿಂದ ಲೇಹ್‌ಗೆ ಹೋಗಿಬರುವ ದಾರಿ ಸುಮಾರು 6,500 ಕಿ.ಮೀ. ಲೀಟರಿಗೆ 30 ಕಿ.ಮೀ. ಎಂದರೂ 215 ಲೀಟರ್ ಪೆಟ್ರೋಲು, ಅಂದರೆ ಹೆಚ್ಚುಕಡಿಮೆ 500 ಕೆ.ಜಿ. ಇಂಗಾಲದ ಡೈಆಕ್ಸೈಡು. ಡೇರೆಯಲ್ಲಿ ಅರ್ಧ ಕೆ.ಜಿ. ಉಳಿಸಲು ಎರಡುಪಟ್ಟು ಬೆಲೆ ತೆರುವ ಗೆಳೆಯರು ಬೈಕನ್ನು ಚಂಡೀಗಢದವರೆಗೆ ರೈಲಿನಲ್ಲಿ ಕಳಿಸಿ ತಾವೂ ರೈಲಿನಲ್ಲಿ ಹೋದರೆ ಭೂಮಿಗೂ ಬೆನ್ನಿಗೂ ಹೆಚ್ಚು ಹಗುರ. ಆದರೂ ಹೋಗುವವರು ಹೋಗಿಯೇ ತೀರುತ್ತಾರೆ. ಹೋದವರು ಅಲ್ಲಿ ಹೇಗೆ, ಎಲ್ಲಿ ಮಲಗುತ್ತಾರೆ ಎಂಬುದು ಆ ನೆಲದ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಮೊದಲು ಹವೆಯನ್ನು ಅರಿಯಬೇಕು. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ವಾರ್ಷಿಕ ಮಳೆ 100 ಮಿ.ಮೀ.ನಷ್ಟು, ಏಳು ಸಾವಿರ ಮಿ.ಮೀ. ದಾಟುವ ಆಗುಂಬೆಯಲ್ಲಿ ಅಷ್ಟು ಮಳೆ ಆಷಾಢದ ಒಂದು ದಿನಕ್ಕೆ ಬಿದ್ದೀತು. ಸರ್ಚು, ಪಾಂಗ್, ಮೋರೆ ಮೈದಾನ, ತ್ಸೋ ಕಾರ್ ಸರೋವರ ಮೊದಲಾದ ಕಡೆ ಎತ್ತರ 4,200ರಿಂದ 4,700 ಮೀಟರ್. ಜುಲೈ–ಆಗಸ್ಟ್‌ನಲ್ಲಿಯೂ ಅಲ್ಲಿ ರಾತ್ರಿಯ ಉಷ್ಣತೆ ಸೊನ್ನೆಯ ಆಸುಪಾಸಿಗೆ ಇಳಿಯುವುದುಂಟು. ಸೆಪ್ಟೆಂಬರಿನ ಉತ್ತರಾರ್ಧದಲ್ಲಿ ಹಲವು ಡಿಗ್ರಿ ಕೆಳಗೆ. ಮಧ್ಯಾಹ್ನ ನೆಲ ಕಾದಂತೆ ಗಾಳಿ ಏಳುತ್ತದೆ. ಅದರೊಂದಿಗೆ ಹಿಟ್ಟಿನಂತಹ ನಯವಾದ ಧೂಳು. ಆದ್ದರಿಂದ ಇಲ್ಲಿ ಡೇರೆಯ ಮೊದಲ ಕೆಲಸ ಮಳೆಯನ್ನು ತಡೆಯುವುದಲ್ಲ, ಗಾಳಿಯನ್ನೂ ಧೂಳನ್ನೂ ತಡೆಯುವುದು. ಮಳೆನಾಡಿನವರಾದ ನಾವು ಅಂಗಡಿಯಲ್ಲಿ ‘ನೀರು ಸೋರುವುದಿಲ್ಲವಷ್ಟೇ?’ ಎಂದು ಮೊದಲು ಕೇಳುವುದು ಸಹಜವಾದರೂ ಲಡಾಖಿನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿ.ಮೀ. ಇದ್ದ ಗಾಳಿ 60 ಆದಾಗ ಡೇರೆಯ ಮೇಲಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. ಎತ್ತರದಲ್ಲಿ ಗಾಳಿ ತೆಳು. 4,500 ಮೀಟರಿನಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಶೇಕಡ 60ರಿಂದ 65 ಮಾತ್ರವಾದ್ದರಿಂದ ಪ್ರಕೃತಿ ಕೊಂಚ ರಿಯಾಯಿತಿ ತೋರಿದೆ. ಅಷ್ಟಾದರೂ 60 ಕಿ.ಮೀ. ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 11 ಕೆ.ಜಿ. ಭಾರದಷ್ಟು ಒತ್ತುತ್ತದೆ. ಎರಡು ಚದರ ಮೀಟರಿನ ಒಂದು ಪಕ್ಕವೆಂದರೆ ಅರ್ಧ ಚೀಲ ಸಿಮೆಂಟನ್ನು ಹೊಯ್ದಾಡಿಸುತ್ತ ರಾತ್ರಿಯಿಡೀ ಆ ಕೋಲುಗಳ ಮೇಲೆ ಒರಗಿಸಿದಂತೆ. ಎತ್ತರವಾದ, ನೆಟ್ಟಗಿನ ಗೋಡೆಯ ‘ಕುಟುಂಬದ ಡೇರೆ’ಗಳು ಅಲ್ಲಿ ಮಡಿಸಿದ ಕೊಡೆಯಂತಾಗುವುದು ಇದರಿಂದಲೇ.

ಹೀಗಾಗಿ ಆಕಾರ ತಗ್ಗಾಗಿರಬೇಕು; ಕುಳಿತರೆ ತಲೆ ತಾಗದಷ್ಟು ಎತ್ತರ ಸಾಕು. ಕೋಲುಗಳು ಒಂದನ್ನೊಂದು ಎರಡು–ಮೂರು ಕಡೆ ದಾಟುವ ಗುಮ್ಮಟದ ಆಕಾರ ಗಾಳಿ ದಿಕ್ಕು ಬದಲಿಸಿದರೂ ತಡೆದುಕೊಳ್ಳುತ್ತದೆ. ಸುರಂಗದ ಆಕಾರದವು ಇನ್ನೂ ಹಗುರ, ಒಳಗೆ ಜಾಗವೂ ಹೆಚ್ಚು. ಆದರೆ ಅವು ಗೂಟಗಳಿಲ್ಲದೆ ನಿಲ್ಲಲಾರವು. ಚಾಂಗ್‌ಥಾಂಗ್ ಪ್ರದೇಶದ ಮರಳಿನಲ್ಲಿ ಗೂಟ ನಿಲ್ಲದು, ಜಲ್ಲಿಯಲ್ಲಿ ಇಳಿಯದು. ಅದರಿಂದ ತಾನೇ ನಿಲ್ಲಬಲ್ಲ ಗುಮ್ಮಟವನ್ನೇ ನಾನು ಆರಿಸುತ್ತೇನೆ. ತಾನೇ ನಿಲ್ಲುತ್ತದೆಂದು ಹಗ್ಗ ಕಟ್ಟದೆ ಬಿಟ್ಟರೆ ಅದು ತಾನೇ ಹಾರಿಯೂ ಹೋಗುತ್ತದೆ. ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಅಡ್ಡಲಾಗಿ ಹೂತರೆ ಯಾವ ಗೂಟಕ್ಕಿಂತಲೂ ಗಟ್ಟಿ. ಹಗ್ಗವನ್ನು ಬೈಕಿಗೆ ಬಿಗಿಯುವ ಪದ್ಧತಿಯೊಂದಿದೆ. ಸಡಿಲ ನೆಲದಲ್ಲಿ ಒಂದು ಸ್ಟ್ಯಾಂಡಿನ ಮೇಲೆ ನಿಂತ ಇನ್ನೂರು ಕೆ.ಜಿ.ಯ ಯಂತ್ರ ನಡುರಾತ್ರಿಯಲ್ಲಿ ಯಾವ ಕಡೆಗೆ ಬೀಳುತ್ತದೆಂದು ಹೇಳುವವರಾರು?

ಕೋಲುಗಳ ವಿಷಯದಲ್ಲಿ ರಾಜಿ ಕೂಡದು. ಅಗ್ಗದ ಡೇರೆಗಳಲ್ಲಿ ಬರುವ ಫೈಬರ್‌ಗ್ಲಾಸ್ ಕೋಲು ಭಾರವೂ ಹೌದು, ಬಿಗಿದು ಬಾಗಿಸಿದಾಗ ಉದ್ದಕ್ಕೆ ಸೀಳುವುದೂ ಹೌದು. ಸೀಳಿದ ತುದಿ ಬಟ್ಟೆಯನ್ನೂ ಹರಿಯುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಮಿಶ್ರಲೋಹದ 9 ಮಿ.ಮೀ. ಆಸುಪಾಸಿನ ಕೋಲು ಬಾಗುತ್ತದೆ, ಬಾಗಿದರೂ ಅಂಗೈಯುದ್ದದ ಕೊಳವೆಯೊಂದನ್ನು ತೂರಿಸಿ ಸರಿಪಡಿಸಬಹುದು. ಆ ಕೊಳವೆ ಜೊತೆಗೆ ಬರುತ್ತದೆಯೇ ಎಂದು ಕೇಳಿ ಕೊಳ್ಳಬೇಕು.

ಇನ್ನು ತೂಕ. ‘ಹಗುರ’ದ ಹುಚ್ಚು ಹುಟ್ಟಿದ್ದು ಬೆನ್ನಮೇಲೆ ಹೊತ್ತು ನಡೆಯುವ ಚಾರಣಿಗರಲ್ಲಿ. ಅವರಿಗೆ ನೂರು ಗ್ರಾಮೂ ಲೆಕ್ಕವೇ. ಬೈಕಿನವನಿಗೆ ತೂಕಕ್ಕಿಂತ ಮಡಿಸಿದ ಗಾತ್ರ ಮುಖ್ಯ, ಅದಕ್ಕಿಂತಲೂ ಆ ತೂಕ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಹಿಂದಿನ ಸೀಟಿನಾಚೆ ಎತ್ತರಕ್ಕೆ ಕಟ್ಟಿದ ಮೂರು ಕೆ.ಜಿ. ನೀರುಹಳ್ಳ ದಾಟುವಾಗ ಕಾಡುವಷ್ಟು, ಪಕ್ಕದ ಚೀಲದ ತಳದಲ್ಲಿಟ್ಟ ಮೂರು ಕೆ.ಜಿ. ಕಾಡದು. ಕೋಲಿನ ತುಂಡುಗಳು 45 ಸೆಂ.ಮೀ.ಗಿಂತ ಉದ್ದವಿದ್ದರೆ ಅವು ಪಕ್ಕದ ಚೀಲಕ್ಕೆ ಸಾಮಾನ್ಯವಾಗಿ ಹಿಡಿಸವು. ಸೈಲೆನ್ಸರ್ ಕಡೆಯ ಚೀಲದಲ್ಲಿ ಮಾತ್ರ ಡೇರೆ ಬೇಡ. ನೈಲಾನು ಕರಗಿ ಅಂಟಾಗಲು ಹೆಚ್ಚು ಶಾಖ ಬೇಕಿಲ್ಲ. ಇಬ್ಬರು ಮಲಗುವ, ಎರಡೂವರೆ ಕೆ.ಜಿ.ಯ ಒಳಹೊರಗಿನ ಪ್ರಮಾಣದ ಡೇರೆ ಒಬ್ಬನಿಗೂ ಅವನ ಸಾಮಾನಿಗೂ ಸರಿ. ಒಂದು ಕೆ.ಜಿ.ಯ, ಬಾಳೆಯ ಸುಳಿಯಷ್ಟು ತೆಳುವಾದ ಬಟ್ಟೆಯವು ಬೆಲೆಯಲ್ಲಿ ದೊಡ್ಡವು, ಜಲ್ಲಿನೆಲದಲ್ಲಿ ಅಲ್ಪಾಯುಷಿಗಳು. ಬಟ್ಟೆಯ ಎಳೆಯನ್ನು ಡೆನಿಯರ್ ಎಂಬ ಮಾನದಿಂದ ಅಳೆಯುತ್ತಾರೆ. ಹೊರಹೊದಿಕೆ 30–40, ನೆಲಹಾಸು 70 ಡೆನಿಯರ್ ಇದ್ದರೆ ಬಾಳಿಕೆ ಬಂದೀತು. ಎತ್ತರದ ಬಿಸಿಲಿನಲ್ಲಿ ನೇರಳಾತೀತ ಕಿರಣ ತೀಕ್ಷ್ಣವಾದ್ದರಿಂದ ಹೊರಹೊದಿಕೆ ಪಾಲಿಯೆಸ್ಟರ್ ಆಗಿದ್ದರೆ ನೈಲಾನಿಗಿಂತ ನಿಧಾನವಾಗಿ ಸವೆಯುತ್ತದೆ. ಹಗಲಿಡೀ ಡೇರೆಯನ್ನು ಬಿಸಿಲಿಗೆ ಬಿಡದೆ ಮಡಿಸಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಬೇಸಿಗೆಯ ಡೇರೆಗಳ ಒಳಪದರ ಬರೀ ಸೊಳ್ಳೆಪರದೆಯ ಜಾಳಿಗೆ. ನಮ್ಮೂರಿಗೆ ಅದು ಸರಿ. ಅಲ್ಲಿ ಗಾಳಿ ಹೊರಹೊದಿಕೆಯ ಅಡಿಯಿಂದ ನುಗ್ಗಿ ಜಾಳಿಗೆಯ ಮೂಲಕ ಧೂಳನ್ನು ಮುಖಕ್ಕೆ ಜರಡಿ ಹಿಡಿಯುತ್ತದೆ. ಒಳಪದರ ಬಹುಪಾಲು ಬಟ್ಟೆಯದಾಗಿದ್ದು, ಮೇಲ್ಭಾಗದಲ್ಲಿ ಮುಚ್ಚಿ ತೆರೆಯುವ ಕಿಂಡಿ ಇರಬೇಕು. ಚಳಿಯೆಂದು ಆ ಕಿಂಡಿಯನ್ನು ಪೂರ್ತಿ ಮುಚ್ಚಬಾರದು. ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು–ಬೆವರುಗಳಿಂದ ಸುಮಾರು ಕಾಲು ಲೀಟರು ನೀರನ್ನು ಹೊರಬಿಡುತ್ತಾನೆ. ಅದು ಹೊರಗೆ ಹೋಗದಿದ್ದರೆ ಹೊದಿಕೆಯ ಒಳಮೈಗೆ ಹಿಮವಾಗಿ ಹತ್ತಿ, ಬೆಳಿಗ್ಗೆ ಕರಗಿ ಹಾಸಿಗೆಯ ಮೇಲೆ ಉದುರುತ್ತದೆ. ಒಳಗೆ ಸ್ಟೌ ಹಚ್ಚುವವರಿಗಂತೂ ಇಂಗಾಲದ ಮಾನಾಕ್ಸೈಡು ಪ್ರಾಣಾಂತಕ. ಬೆಚ್ಚಗಿಡುವುದು ಡೇರೆಯ ಕೆಲಸವೇ ಅಲ್ಲ, ಅದು ಹಾಸಿಗೆಯ ಕೆಲಸ. ನೆಲದ ತಣ್ಪು ಮೈಗೆ ಏರದಂತೆ ತಡೆಯುವ ಒಳ್ಳೆಯ ಚಾಪೆಗೆ ಹಣ ಉಳಿಸಿಕೊಳ್ಳದೆ ಎಲ್ಲವನ್ನೂ ಡೇರೆಗೆ ಸುರಿಯುವುದು ಅವಿವೇಕ.

ನೀರು ಜಾರಿಸುವ ಲೇಪಗಳ ಬಗ್ಗೆ ಅಂಗಡಿಯವರು ಹೇಳದ ಸಂಗತಿಯೊಂದಿದೆ. ಅನೇಕ ಲೇಪಗಳಲ್ಲಿ ಫ್ಲೋರಿನ್‌ಯುಕ್ತ ರಾಸಾಯನಿಕಗಳನ್ನು ಬಳಸುತ್ತ ಬಂದಿದ್ದಾರೆ. ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಅವು ಕೊಳೆಯವು. ಈ ಗುಂಪಿನ ಪಿ.ಎಫ್.ಓ.ಎ. ಎಂಬುದನ್ನು 2019ರಲ್ಲಿ ಸ್ಟಾಕ್‌ಹೋಂ ಒಡಂಬಡಿಕೆಯ ಪಟ್ಟಿಗೆ ಸೇರಿಸಲಾಯಿತು. ಎಂಡೋಸಲ್ಫಾನ್ 2011ರಲ್ಲಿ ಸೇರಿದ್ದು ಇದೇ ಒಡಂಬಡಿಕೆಯ ಪಟ್ಟಿಗೆ ಎಂದರೆ ನಮ್ಮ ಓದುಗರಿಗೆ ಬೇರೆ ವಿವರಣೆ ಬೇಡ. ಸಿಲಿಕೋನ್ ಲೇಪದ ಬಟ್ಟೆಗೆ ಈ ರಾಸಾಯನಿಕಗಳ ಹಂಗಿಲ್ಲ. ಫ್ಲೋರಿನ್ ರಹಿತವೆಂದು ಮುದ್ರಿಸಿದ ಡೇರೆಗಳೂ ಈಗ ದೊರೆಯುತ್ತವೆ.

ಡೇರೆ ಕೊಂಡದ್ದಾಯಿತು. ಅದನ್ನು ಎಲ್ಲಿ ಹೂಡಬೇಕು? ನನ್ನ ತಕರಾರು ಇರುವುದು ಇಲ್ಲಿ. ‘ಡೇರೆಯಿದ್ದರೆ ಎಲ್ಲಿ ಬೇಕಾದರೂ ಮಲಗಬಹುದು’ ಎಂಬ ಮಾತನ್ನು ಸ್ವಾತಂತ್ರ್ಯದ ಘೋಷಣೆಯಂತೆ ಆಡುತ್ತಾರೆ. ಚಾಂಗ್‌ಥಾಂಗ್‌ನಲ್ಲಿ ಕಣ್ಣಿಗೆ ಹಸಿರಾಗಿ, ಮೆತ್ತಗೆ, ನೀರಿನ ಪಕ್ಕ, ಡೇರೆಗೆಂದೇ ಹಾಸಿದಂತೆ ಕಾಣುವ ಜಾಗವೆಲ್ಲ ಜೇಕಿನ ಜಾತಿಯ ಹುಲ್ಲಿನ ಜೌಗು. ಬೆಳೆಯಲು ಅದಕ್ಕೆ ವರ್ಷಕ್ಕೆ ಸಿಗುವುದು ಮೂರು–ನಾಲ್ಕು ತಿಂಗಳು. ಪಶ್ಮಿನಾ ಆಡುಗಳನ್ನು ಸಾಕುವ ಚಾಂಗ್ಪಾ ಜನರ ಗೋಮಾಳ ಅದೇ, ಕಪ್ಪುಕತ್ತಿನ ಕೊಕ್ಕರೆ ಗೂಡುಕಟ್ಟುವುದೂ ಅಲ್ಲೇ. ತ್ಸೋ ಮೊರಿರಿ 2002ರಲ್ಲಿ, ತ್ಸೋ ಕಾರ್ 2020ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದವು. ಶಿಬಿರಗಳವರು ಎಸೆದ ಎಂಜಲಿನಿಂದ ಬೆಳೆದ ನಾಯಿಗಳು ಆ ಹಕ್ಕಿಯ ಮೊಟ್ಟೆಮರಿಗಳನ್ನು ತಿನ್ನುತ್ತಿರುವುದು ಅಲ್ಲಿನ ಪಕ್ಷಿತಜ್ಞರ ದೊಡ್ಡ ಚಿಂತೆ. ಒಣ ಮೈದಾನದಲ್ಲಿ ರಸ್ತೆ ಬಿಟ್ಟು ಓಡಿಸಿದ ಬೈಕಿನ ಗೆರೆ ವರ್ಷಗಟ್ಟಲೆ ಮಾಸದು. ಮಣ್ಣಿನ ಗಟ್ಟಿ ಮೇಲ್ಪದರ ಒಡೆದ ಕಡೆಯಿಂದಲೇ ಗಾಳಿ ಧೂಳೆಬ್ಬಿಸಲು ತೊಡಗುತ್ತದೆ. ನಮ್ಮ ಘಟ್ಟದ ನೆತ್ತಿಯ ಹುಲ್ಲುಗಾವಲುಗಳಲ್ಲಿ ಜೀಪು ಹೊಕ್ಕಾಗ ಸಿಟ್ಟಾಗುವ ನಾವು ಇದನ್ನು ಬೇರೆಯಾಗಿ ನೋಡಲು ಕಾರಣವಿಲ್ಲ.

ಬೆಂಕಿಗೆಂದು ಕ್ಯಾರಗಾನದಂತಹ ಕುರುಚಲನ್ನು ಕೀಳಬಾರದು. ಮೊಣಕಾಲೆತ್ತರದ ಆ ಪೊದೆ ಹತ್ತಾರು ವರ್ಷಗಳದಿರುತ್ತದೆ. ಗಾಳಿಮರೆಗೆಂದು ಕಲ್ಲಿನ ಆವರಣಗಳೊಳಗೆ ಹೂಡಬಾರದು. ಖಾಲಿ ಕಂಡರೂ ಅವು ಚಾಂಗ್ಪಾಗಳ ಮುಂದಿನ ಋತುವಿನ ದೊಡ್ಡಿ. ಒಣಗಿದ ಹಳ್ಳದ ಪಾತ್ರವಂತೂ ಬೇಡವೇ ಬೇಡ. 2010ರ ಆಗಸ್ಟ್ 5ರ ರಾತ್ರಿ ಲೇಹ್ ಬಳಿ ನುಗ್ಗಿದ ಕೆಸರಿನ ಪ್ರವಾಹ ನೂರಾರು ಜನರನ್ನು ಬಲಿ ತೆಗೆದುಕೊಂಡದ್ದು ಆ ‘ಮಳೆಯಿಲ್ಲದ’ ನಾಡಿನಲ್ಲಿಯೇ. ಇದರ ಜೊತೆಗೆ ಎತ್ತರದ ಲೆಕ್ಕವೂ ಇದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಾಮಾನ್ಯ ಸಲಹೆ. 2,050 ಮೀಟರಿನ ಮನಾಲಿಯಿಂದ ಹೊರಟು ಅದೇ ರಾತ್ರಿ 4,290 ಮೀಟರಿನ ಸರ್ಚುವಿನಲ್ಲಿ ಡೇರೆ ಹೂಡುವುದು ಎಷ್ಟು ಅಪಾಯವೆಂದು ಲೆಕ್ಕ ಹಾಕಿ. ಯಾವ ಹಗುರ ಡೇರೆಯೂ ಆ ತಲೆನೋವನ್ನು ಇಳಿಸಲಾರದು.

ಆ ಗಾಳಿಗೆ ತಕ್ಕ ಡೇರೆಯನ್ನು ಚಾಂಗ್ಪಾಗಳು ಯಾಕಿನ ಕೂದಲಿನಲ್ಲಿ ನೇಯ್ದುಕೊಂಡಿದ್ದರು. ರೆಬೋ ಎಂದು ಅದರ ಹೆಸರು. ತಗ್ಗು, ಅಗಲ, ಸುತ್ತಲೂ ಹಗ್ಗ, ನೆತ್ತಿಯಲ್ಲಿ ಹೊಗೆ ಹೋಗಲು ಸೀಳು. ಹರಿದ ಪಟ್ಟಿಯನ್ನು ಬಿಚ್ಚಿ ಹೊಸದನ್ನು ಹೊಲಿಯಬಹುದು. ಅದನ್ನು ಹೊರಲು ಯಾಕುಗಳೇ ಬೇಕು, ಬೈಕಿಗೆ ಒಗ್ಗುವುದಲ್ಲ. ಈಗ ಅವರೂ ಬಹುಮಟ್ಟಿಗೆ ಕ್ಯಾನ್ವಾಸಿಗೆ ತಿರುಗಿದ್ದಾರೆ. ಆದರೆ ಮೇಲೆ ನಾನು ಹೇಳಿದ ಲಕ್ಷಣಗಳಲ್ಲಿ ರೆಬೋದಲ್ಲಿ ಇಲ್ಲದ್ದು ಹಗುರತನ ಒಂದೇ.

ಹಳ್ಳಿಯಿರುವ ಕಡೆ ಹಳ್ಳಿಯ ಮನೆಯಲ್ಲೇ ಉಳಿಯಬೇಕೆಂಬುದು ನನ್ನ ಅಭಿಪ್ರಾಯ. ಹಣ ಆ ಮನೆಗೆ ಸೇರುತ್ತದೆ. ಅಲ್ಲಿನ ಒಣ ಪಾಯಿಖಾನೆಯಲ್ಲಿ ಮಣ್ಣು ಬೂದಿ ಬೆರೆತು ಗೊಬ್ಬರವಾದದ್ದು ಬಾರ್ಲಿಯ ಗದ್ದೆಗೆ ಹೋಗುತ್ತದೆ. ಕೃಷಿ ವಿಜ್ಞಾನಿಯಾಗಿ ನನಗೆ ಲಡಾಖಿನಲ್ಲಿ ಅತ್ಯಂತ ಗೌರವ ಹುಟ್ಟಿಸಿದ್ದು ಆ ವ್ಯವಸ್ಥೆ. ಸರೋವರದ ದಂಡೆಯಲ್ಲಿ ಸಾಲಾಗಿ ನಿಂತ, ನೀರು ಸುರಿಯುವ ಪಾಯಿಖಾನೆಗಳ ಐಷಾರಾಮಿ ಡೇರೆಗಳು ಇದಕ್ಕೆ ತದ್ವಿರುದ್ಧ. ಹಾಗಾಗಿ ನಮ್ಮದೇ ಡೇರೆ ಹದಿನೈದು ದಿನಗಳಲ್ಲಿ ಮೂರು–ನಾಲ್ಕು ರಾತ್ರಿಗೆ ಮಾತ್ರ ಬೇಕಾದೀತು. ಅಷ್ಟಕ್ಕಾಗಿ ಪ್ರತಿಯೊಬ್ಬರೂ ಒಂದೊಂದು ಕೊಂಡು ಅಟ್ಟಕ್ಕೆ ಹಾಕುವುದೇಕೆ? ಮದುವೆಯ ದೊಡ್ಡ ಪಾತ್ರೆಗಳನ್ನು ಊರೊಟ್ಟಿನಲ್ಲಿ ಇಟ್ಟುಕೊಂಡಂತೆ ನಮ್ಮ ಬಳಗ ಎರಡು ಒಳ್ಳೆಯ ಡೇರೆಗಳನ್ನು ಸೇರಿ ಕೊಳ್ಳಬಹುದು.

ಕೊಂಡರೆ ಇಡುವ ಬಗೆಯನ್ನೂ ನಿರ್ಧರಿಸಬೇಕು. ಸಾಮಾನ್ಯ ಡೇರೆಗಳ ಒಳಮೈಯ ಪಾಲಿಯುರಿಥೇನ್ ಲೇಪ ತೇವದಲ್ಲಿ ವಿಘಟಿಸುತ್ತದೆ. ಲಡಾಖಿನ ಗಾಳಿ ತಡೆದ ಡೇರೆ ನಮ್ಮ ಮಳೆಗಾಲದ ಅಟ್ಟದಲ್ಲಿ ಎರಡು ವರ್ಷಕ್ಕೆ ಅಂಟಂಟಾಗಿ, ಹುಳಿವಾಸನೆ ಹೊಡೆದು ಹಾಳಾದೀತು. ಧೂಳಿನಿಂದ ಮೊದಲು ಕೆಡುವ ಜಿಪ್ಪನ್ನು ಬ್ರಷ್ಷಿನಿಂದ ಉಜ್ಜಿ, ಡೇರೆಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಬಿಗಿಯಾಗಿ ಸುತ್ತದೆ ಸಡಿಲವಾದ ಹತ್ತಿಯ ಚೀಲದಲ್ಲಿಡಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಬಯಲುಸೀಮೆಯ ಯಾರಾದರೂ ಸದಸ್ಯರ ಮನೆಯಲ್ಲಿ ಇರಿಸುವುದು ಇನ್ನೂ ಉತ್ತಮ; ಲಡಾಖಿಗೆ ಹೋಗುವವರು ಅಲ್ಲಿಂದಲೇ ಒಯ್ಯಲಿ.